ಮಸುಕಾದ ಫೋಟೊ, ನಿಧಾನವಾದ ಫೋಕಸ್: ಮೊಬೈಲ್ ಕ್ಯಾಮೆರಾದ ದೋಷವನ್ನು ಎಲ್ಲಿ ಹುಡುಕಬೇಕು

ಮೊಬೈಲಿನಲ್ಲಿ ಫೋಟೊ ಸರಿಯಾಗಿ ಬರುತ್ತಿಲ್ಲ ಎಂದು ಯಾರಾದರೂ ಹೇಳಿಕೊಂಡರೆ ಸಾಕು, ಲೆನ್ಸ್ ಒರೆಸಿ, ಫೋನ್ ಆಫ್ ಮಾಡಿ ಆನ್ ಮಾಡಿ, ಕ್ಯಾಮೆರಾ ಆ್ಯಪಿನ ಕ್ಯಾಶ್ (ತಾತ್ಕಾಲಿಕ ಕಡತಗಳು) ಅಳಿಸಿ, ಅದಕ್ಕೂ ಬಗ್ಗದಿದ್ದರೆ ಫ್ಯಾಕ್ಟರಿ ರೀಸೆಟ್ ಮಾಡಿ ಎಂಬ ಸಲಹೆಗಳು ಸಾಲುಗಟ್ಟಿ ಬರುತ್ತವೆ. ಇವುಗಳಲ್ಲಿ ಮೊದಲನೆಯದು ಅನೇಕ ಸಲ ನಿಜಕ್ಕೂ ಕೆಲಸ ಮಾಡುತ್ತದೆ, ಕೊನೆಯದರಿಂದ ಪ್ರಯೋಜನವಾಗುವುದು ತೀರಾ ಅಪರೂಪ. ಆದರೂ ಜನ ಎಲ್ಲವನ್ನೂ ಮಾಡಿ ಮುಗಿಸಿ, ಫೋನಿನಲ್ಲಿದ್ದ ಹಳೆಯ ಸಂದೇಶಗಳನ್ನೂ ಕಳೆದುಕೊಂಡು, ಮತ್ತೆ ಅದೇ ಮಸುಕಾದ ಫೋಟೊದ ಮುಂದೆ ಬಂದು ನಿಲ್ಲುತ್ತಾರೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಐದಾರು ದೋಷಗಳು ಫೋಟೊವನ್ನು ಮಸುಕಾಗಿಸಬಲ್ಲವು. ಒಂದರ ಪರಿಹಾರ ಇನ್ನೊಂದಕ್ಕೆ ಒದಗುವುದಿಲ್ಲ. ಇವುಗಳಲ್ಲಿ ಯಾವುದು ನಡೆದಿದೆ ಎಂಬುದಕ್ಕೆ ಬೇಕಾದ ಸಾಕ್ಷಿ ಮಾತ್ರ ಕೈಯಲ್ಲೇ ಇರುತ್ತದೆ: ಕೆಟ್ಟುಹೋದ ಆ ಫೋಟೊ. ಬೇಸರದಿಂದ ಅದನ್ನು ಅಳಿಸಿಬಿಡುವ ಮೊದಲು ಸ್ವಲ್ಪ ಹೊತ್ತು ನೋಡುವುದು ಒಳ್ಳೆಯದು.

ಫೋಟೊವನ್ನು ಗ್ಯಾಲರಿಯಲ್ಲಿ ತೆರೆದು, ಎರಡು ಬೆರಳುಗಳಿಂದ ಹಿಗ್ಗಿಸಿ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಪರೀಕ್ಷಿಸಬೇಕು. ಮಗುವಿನ ಮುಖ ಮಸುಕಾಗಿದ್ದು, ಹಿಂದಿನ ಗೋಡೆಯ ಕ್ಯಾಲೆಂಡರಿನ ಅಂಕಿಗಳು ಓದುವಷ್ಟು ಸ್ಪಷ್ಟವಾಗಿದ್ದರೆ ಕ್ಯಾಮೆರಾ ಫೋಕಸ್ ಮಾಡಿದೆ, ಆದರೆ ತಪ್ಪು ಜಾಗಕ್ಕೆ ಮಾಡಿದೆ ಎಂದರ್ಥ. ಗೋಡೆ, ಕುರ್ಚಿ, ಮುಖ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಕಾಣುತ್ತಿದ್ದು, ದೂರದ ದೀಪದ ಚುಕ್ಕಿಯೊಂದು ಗೆರೆಯಾಗಿ ಬಂದಿದ್ದರೆ ಫೋನ್ ಹಿಡಿದ ಕೈ ಅಲುಗಿದೆ. ಕುರ್ಚಿಯ ಅಂಚು ನಿಖರವಾಗಿದ್ದು ಕುಳಿತವನ ಕೈ ಮಾತ್ರ ಕದಡಿದ್ದರೆ ಅಲುಗಿದ್ದು ಅವನು. ಯಾವ ಎಳೆತವೂ ಇಲ್ಲದೆ ಚಿತ್ರದ ಮೇಲೆಲ್ಲ ಬಿಳಿಯ ಪೊರೆ ಹರಡಿದಂತಿದ್ದು, ದೀಪಗಳಿಂದ ಉದ್ದನೆಯ ಕಿರಣಗಳು ಹೊರಟಿದ್ದರೆ ತಪ್ಪು ಹೊರಗಿನ ಗಾಜಿನದು. ಕೂದಲು ಮತ್ತು ಹುಲ್ಲು ಪ್ರತ್ಯೇಕ ಎಳೆಗಳಾಗಿ ಕಾಣದೆ ಬಣ್ಣ ಬಳಿದಂತೆ ಕಲಸಿಹೋಗಿದ್ದರೆ ಅದು ಸಾಫ್ಟ್‌ವೇರಿನ ಕೈವಾಡ. ಇನ್ನು, ತೆಗೆದವರ ಫೋನಿನಲ್ಲಿ ಚೆನ್ನಾಗಿದ್ದು ತಲುಪಿದವರ ಫೋನಿನಲ್ಲಿ ಮಾತ್ರ ಮಸುಕಾಗಿದ್ದರೆ ಕ್ಯಾಮೆರಾವನ್ನು ದೂರುವುದರಲ್ಲಿ ಅರ್ಥವೇ ಇಲ್ಲ.

ಲೆನ್ಸ್ ಎಷ್ಟು ಚಲಿಸುತ್ತದೆ

ಫೋಕಸ್ ಎಂಬುದು ಸಾಫ್ಟ್‌ವೇರಿನ ಲೆಕ್ಕಾಚಾರದಲ್ಲೇ ಮುಗಿಯುವ ಕೆಲಸವೆಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಫೋನಿನೊಳಗೆ ಲೆನ್ಸುಗಳ ಚಿಕ್ಕ ಕೊಳವೆಯೊಂದು ಪ್ರತಿ ಸಲವೂ ಹಿಂದೆ ಮುಂದೆ ಸರಿಯುತ್ತದೆ. ಆ ಕೊಳವೆಯ ಸುತ್ತ ತಾಮ್ರದ ತೆಳುತಂತಿಯ ಸುರುಳಿಯೂ ಪುಟ್ಟ ಅಯಸ್ಕಾಂತಗಳೂ ಇರುತ್ತವೆ. ಸುರುಳಿಯಲ್ಲಿ ಹರಿಯುವ ವಿದ್ಯುತ್ತಿಗೆ ತಕ್ಕಂತೆ ಲೆನ್ಸ್ ಮೇಲೇಳುತ್ತದೆ, ತೆಳ್ಳನೆಯ ಸ್ಪ್ರಿಂಗುಗಳು ಅದನ್ನು ಹಿಂದಕ್ಕೆ ಎಳೆಯುತ್ತವೆ. ಧ್ವನಿವರ್ಧಕದ ಪರದೆಯನ್ನು ಕಂಪಿಸುವಂತೆ ಮಾಡುವ ತತ್ತ್ವವೇ ಇಲ್ಲಿಯೂ ಇರುವುದರಿಂದ ಈ ಭಾಗಕ್ಕೆ ವಾಯ್ಸ್ ಕಾಯಿಲ್ ಮೋಟರ್ ಎಂಬ ಹೆಸರು ಬಂದಿದೆ.

ಇದರ ಚಲನೆಯ ಪ್ರಮಾಣವನ್ನು ಲೆಕ್ಕ ಹಾಕಿದರೆ ತೊಂದರೆಯ ಅರ್ಧಭಾಗ ತಾನಾಗಿಯೇ ಅರ್ಥವಾಗುತ್ತದೆ. ಸುಮಾರು 6 ಮಿ.ಮೀ. ನಾಭಿದೂರದ (ಬಹುದೂರದ ಬೆಳಕು ಒಂದುಗೂಡುವ ಬಿಂದುವಿಗೂ ಲೆನ್ಸಿಗೂ ಇರುವ ಅಂತರ) ಲೆನ್ಸ್ ಬಹುದೂರದ ಬೆಟ್ಟದಿಂದ 1 ಮೀಟರ್ ಅಂತರದಲ್ಲಿರುವ ವ್ಯಕ್ತಿಗೆ ಫೋಕಸ್ ಬದಲಿಸಲು ಸರಿಯಬೇಕಾದದ್ದು ಕೇವಲ 0.04 ಮಿ.ಮೀ. ಅದೇ ಲೆನ್ಸ್ 20 ಸೆಂ.ಮೀ. ಹತ್ತಿರದ ವಸ್ತುವನ್ನು ಹಿಡಿಯಬೇಕಾದರೆ ಬೆಟ್ಟಕ್ಕೆ ಹೊಂದಿದ್ದ ಸ್ಥಾನದಿಂದ ಸುಮಾರು 0.19 ಮಿ.ಮೀ. ಸರಿಯಬೇಕು, 10 ಸೆಂ.ಮೀ.ಗೆ ಹೆಚ್ಚುಕಡಿಮೆ 0.38 ಮಿ.ಮೀ. ಅಂದರೆ ದೂರದ ಜಗತ್ತೆಲ್ಲವನ್ನೂ ಅತ್ಯಲ್ಪ ಚಲನೆಯಲ್ಲಿ ಮುಗಿಸಿಬಿಡುವ ಲೆನ್ಸ್, ಕೈಯಳತೆಯೊಳಗಿನ ವಸ್ತುಗಳಿಗಾಗಿ ತನ್ನ ಓಡಾಟದ ಬಹುಭಾಗವನ್ನು ವ್ಯಯಿಸಬೇಕಾಗುತ್ತದೆ. ಹತ್ತಿರದ ವಸ್ತುವಿಗೆ ಫೋಕಸ್ ನಿಧಾನವಾಗುವುದೂ, ಒಂದು ಮಿತಿಗಿಂತ ಹತ್ತಿರಕ್ಕೆ ಹೋದರೆ ಎಷ್ಟು ಕಾದರೂ ಆಗದಿರುವುದೂ ಈ ಕಾರಣಕ್ಕೆ. ಮಿ.ಮೀ.ನ ನೂರನೆಯ ಭಾಗಗಳಲ್ಲಿ ನಡೆಯುವ ಈ ಚಲನೆಗೆ ಒಂದು ಧೂಳಿನ ಕಣ ಅಡ್ಡ ಬಂದರೂ, ಬಿದ್ದ ಪೆಟ್ಟಿಗೆ ಒಂದು ಸ್ಪ್ರಿಂಗ್ ಬಾಗಿದರೂ ಕೆಲಸ ಕೆಡುತ್ತದೆ.

ಲೆನ್ಸನ್ನು ಎಲ್ಲಿ ನಿಲ್ಲಿಸಬೇಕೆಂದು ಫೋನ್ ತಿಳಿದುಕೊಳ್ಳುವುದು ಇನ್ನೊಂದು ವಿಷಯ. ಹಳೆಯ ಫೋನುಗಳಲ್ಲಿ ಇದಕ್ಕೆ ಒಂದೇ ಉಪಾಯವಿತ್ತು: ಲೆನ್ಸನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಸುತ್ತಾ, ಚಿತ್ರದ ಅಂಚುಗಳು ಎಲ್ಲಿ ಅತ್ಯಂತ ಗಾಢವಾಗಿ ಕಾಣುತ್ತವೆ ಎಂದು ನೋಡಿ, ಅದನ್ನು ದಾಟಿದ ಮೇಲೆ ಹಿಂದಿರುಗಿ ಬಂದು ಅಲ್ಲಿ ನಿಲ್ಲಿಸುವುದು. ಪರದೆಯ ಮೇಲಿನ ಚಿತ್ರ ಒಮ್ಮೆ ಸ್ಪಷ್ಟವಾಗಿ, ಮತ್ತೆ ಮಸುಕಾಗಿ, ಮತ್ತೆ ಸ್ಪಷ್ಟವಾಗುವ ಆಟ ಕಂಡರೆ ನಡೆಯುತ್ತಿರುವುದು ಈ ಹುಡುಕಾಟವೇ. 2014ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್5 ಮತ್ತು ಐಫೋನ್ 6ರೊಂದಿಗೆ ಫೇಸ್ ಡಿಟೆಕ್ಷನ್ (phase detection; ಮುಖ ಗುರುತಿಸುವ face detection ಅಲ್ಲ) ಎಂಬ ಇನ್ನೊಂದು ವಿಧಾನ ಮೊಬೈಲಿಗೆ ಬಂದಿತು. ತೋರುಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಬೆರಳು ಪಕ್ಕಕ್ಕೆ ಜಿಗಿದಂತೆ ಕಾಣುವುದಿಲ್ಲವೇ, ಹಾಗೆಯೇ ಲೆನ್ಸಿನ ಎಡಭಾಗದಿಂದ ಬಂದ ಬೆಳಕನ್ನೂ ಬಲಭಾಗದಿಂದ ಬಂದ ಬೆಳಕನ್ನೂ ಬೆಳಕನ್ನು ಚಿತ್ರವಾಗಿಸುವ ಸೆನ್ಸರಿನ ಬೇರೆ ಬೇರೆ ಬಿಂದುಗಳು ಪ್ರತ್ಯೇಕವಾಗಿ ಅಳೆಯುತ್ತವೆ. ಎರಡು ಚಿತ್ರಗಳ ನಡುವಿನ ಅಂತರವೆಷ್ಟು ಎಂಬುದರಿಂದ ಲೆನ್ಸ್ ಯಾವ ಕಡೆಗೆ, ಎಷ್ಟು ಸರಿಯಬೇಕು ಎಂಬುದು ಹುಡುಕಾಟವಿಲ್ಲದೆ ತಿಳಿಯುತ್ತದೆ. 2016ರ ಗ್ಯಾಲಕ್ಸಿ ಎಸ್7 ಸೆನ್ಸರಿನ ಎಲ್ಲ ಬಿಂದುಗಳನ್ನೂ ಈ ಕೆಲಸಕ್ಕೆ ಹಚ್ಚಿತು. ಅದನ್ನು ಡ್ಯುಯಲ್ ಪಿಕ್ಸೆಲ್ ಎನ್ನುತ್ತಾರೆ.

ಈ ವಿಧಾನಕ್ಕೂ ದೌರ್ಬಲ್ಯಗಳಿವೆ, ಅವು ದಿನನಿತ್ಯ ಎದುರಾಗುವಂಥವು. ಹೋಲಿಸಿ ನೋಡಲು ಏನಾದರೊಂದು ಗುರುತು ಬೇಕಾದ್ದರಿಂದ, ಸುಣ್ಣ ಬಳಿದ ಖಾಲಿ ಗೋಡೆ, ಮೋಡವಿಲ್ಲದ ಆಕಾಶ, ಒಂದೇ ಬಣ್ಣದ ರೇಷ್ಮೆಯ ಒಡಲು ಮುಂತಾದವುಗಳ ಮುಂದೆ ಫೋಕಸ್ ತಡಕಾಡುತ್ತದೆ. ಇನ್ನೊಂದು ವಿಚಿತ್ರ ಸಂಗತಿಯೂ ಇದೆ. ಅನೇಕ ಸೆನ್ಸರುಗಳು ಎಡ–ಬಲ ವ್ಯತ್ಯಾಸವನ್ನು ಮಾತ್ರ ಅಳೆಯಬಲ್ಲವು. ಗೆರೆಗಳುಳ್ಳ ನೋಟ್‌ಬುಕ್ಕಿನ ಖಾಲಿ ಹಾಳೆಯ ಮುಂದೆ ಫೋನನ್ನು ಒಂದು ರೀತಿಯಲ್ಲಿ ಹಿಡಿದಾಗ ಗೆರೆಗಳು ಎಡದಿಂದ ಬಲಕ್ಕೆ ಒಂದೇ ಸಮನೆ ಓಡುವುದರಿಂದ ಪಕ್ಕಕ್ಕೆ ಸರಿದರೂ ಸೆನ್ಸರಿಗೆ ಏನೂ ಬದಲಾದಂತೆ ತೋರುವುದಿಲ್ಲ. ಫೋನನ್ನು ಅಡ್ಡಕ್ಕೆ ತಿರುಗಿಸಿದ ಕೂಡಲೇ ಅದೇ ಗೆರೆಗಳು ಕಂಬಗಳಂತೆ ನಿಂತು ಫೋಕಸ್ ತಟ್ಟನೆ ಸಿಗುತ್ತದೆ. ಕಿಟಕಿಯ ಸರಳುಗಳು, ಮೆಟ್ಟಿಲುಗಳು, ಪಟ್ಟೆಪಟ್ಟೆಯ ಜಮಖಾನ ಇವುಗಳ ಮುಂದೆ ಫೋಕಸ್ ಮೊಂಡು ಹಿಡಿದರೆ ಫೋನನ್ನು ಸ್ವಲ್ಪ ಓರೆ ಮಾಡಿ ನೋಡುವುದು ಯಾವ ಸೆಟಿಂಗ್ ಬದಲಾವಣೆಗಿಂತಲೂ ಬೇಗ ಫಲ ಕೊಡುತ್ತದೆ. ಈ ಕೊರತೆಯನ್ನು ನೀಗಿಸಲೆಂದೇ ನಾಲ್ಕು ಬಿಂದುಗಳಿಗೆ ಒಂದು ಮಸೂರವನ್ನು ಹೊದಿಸಿ ಮೇಲೆ–ಕೆಳಗೆ, ಎಡ–ಬಲ ಎರಡನ್ನೂ ಅಳೆಯುವ ಸೆನ್ಸರುಗಳು ಬಂದಿವೆಯಾದರೂ ಅವು ಎಲ್ಲ ಬೆಲೆಯ ಫೋನುಗಳಲ್ಲಿಲ್ಲ.

ಕೆಲವು ಫೋನುಗಳಲ್ಲಿ ಇವುಗಳ ಜೊತೆಗೆ ಲೇಸರ್ ಕೂಡ ಇರುತ್ತದೆ. 2014ರ ಎಲ್‌ಜಿ ಜಿ3ಯಿಂದ ಇದು ಹೆಸರಾಯಿತು. ಕಣ್ಣಿಗೆ ಕಾಣದ ಬೆಳಕನ್ನು ಬಿಟ್ಟು ಅದು ತಾಗಿ ಹಿಂದಿರುಗಿದ್ದನ್ನು ಅಳೆದು ದೂರವನ್ನು ತಿಳಿಯುವ ಈ ವ್ಯವಸ್ಥೆ ಕತ್ತಲಲ್ಲಿ ಬಹಳ ಉಪಯುಕ್ತ, ಆದರೆ ಅದಕ್ಕೆ ಗಾಜಿನ ಆಚೆ ಏನಿದೆ ಎಂಬುದು ಸರಿಯಾಗಿ ತಿಳಿಯುವುದಿಲ್ಲ. ಬಸ್ಸಿನ ಕಿಟಕಿಯೊಳಗಿಂದ ಘಟ್ಟದ ಫೋಟೊ ತೆಗೆಯುವಾಗ, ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯೊಳಗಿನ ನಾಣ್ಯವನ್ನು ತೆಗೆಯುವಾಗ ಗಾಜಿನ ಮೇಲಿನ ಕಲೆಗೆ ಫೋಕಸ್ ಕೂರುವುದು ಇದರಿಂದಲೂ ಆಗುತ್ತದೆ. ಫೋನನ್ನು ಗಾಜಿಗೆ ಹತ್ತಿಸಿ ಹಿಡಿದು, ಪರದೆಯ ಮೇಲೆ ಬೇಕಾದ ವಸ್ತುವನ್ನು ಬೆರಳಿನಿಂದ ಮುಟ್ಟಿ ತೋರಿಸಬೇಕು. ಲೇಸರಿನ ಪುಟ್ಟ ಕಿಂಡಿಯನ್ನು ಅಳತೆ ತಪ್ಪಿದ ಬ್ಯಾಕ್ ಕವರ್ ಮುಚ್ಚಿದ್ದರೂ ಇದೇ ಪರಿಣಾಮ.

ಹತ್ತಿರ ಹೋದಷ್ಟೂ ಹದಗೆಡುವ ಫೋಟೊ

ಮಾತ್ರೆಯ ಪಟ್ಟಿಯ ಹಿಂದೆ ಮುದ್ರಿಸಿರುವ ಅವಧಿಯ ದಿನಾಂಕವನ್ನು ಓದಲಾಗದೆ ಫೋಟೊ ತೆಗೆದು ಹಿಗ್ಗಿಸಿ ನೋಡಲು ಹೊರಡುವವರನ್ನು ಗಮನಿಸಿ. ಅಕ್ಷರ ಚಿಕ್ಕದಾದ್ದರಿಂದ ಫೋನನ್ನು ಐದಾರು ಸೆಂ.ಮೀ. ಹತ್ತಿರಕ್ಕೆ ಒಯ್ಯುತ್ತಾರೆ, ಮಸುಕಾಗುತ್ತದೆ, ಇನ್ನೂ ಹತ್ತಿರ ಒಯ್ಯುತ್ತಾರೆ, ಅಷ್ಟರಲ್ಲಿ ಫೋನಿನ ನೆರಳೇ ಪಟ್ಟಿಯ ಮೇಲೆ ಬಿದ್ದು ಕತ್ತಲಾಗುತ್ತದೆ, ಫ್ಲ್ಯಾಶ್ ಹಾಕಿದರೆ ಬೆಳ್ಳಿಯ ಹಾಳೆ ಹೊಳೆದು ಅಕ್ಷರವೇ ಮಾಯವಾಗುತ್ತದೆ. ಮಾಡಬೇಕಾದದ್ದು ಇದಕ್ಕೆ ಪೂರ್ತಿ ವಿರುದ್ಧ: ಫೋನನ್ನು 25–30 ಸೆಂ.ಮೀ. ದೂರಕ್ಕೆ ತಂದು, 2 ಪಟ್ಟು ಜೂಮ್ ಒತ್ತಿ, ಟ್ಯೂಬ್‌ಲೈಟಿನ ಪ್ರತಿಬಿಂಬ ಅಕ್ಷರಗಳ ಮೇಲಿಂದ ಜಾರುವವರೆಗೆ ಪಟ್ಟಿಯನ್ನು ಓರೆ ಮಾಡಿ, ದಿನಾಂಕದ ಮೇಲೆಯೇ ಬೆರಳು ಮುಟ್ಟಿಸಬೇಕು.

ದುಬಾರಿ ಫೋನಿಗೆ ಈ ತೊಂದರೆ ಇರಲಾರದು ಎಂಬ ನಂಬಿಕೆಯೊಂದಿದೆ. ಸ್ಥಿತಿ ಬಹುಮಟ್ಟಿಗೆ ತಿರುಗುಮುರುಗು. ಸೆನ್ಸರ್ ದೊಡ್ಡದಾದಂತೆ ಲೆನ್ಸಿನ ನಾಭಿದೂರವೂ ಹೆಚ್ಚಬೇಕಾಗುತ್ತದೆ, ಆಗ ಹತ್ತಿರದ ಫೋಕಸಿಗೆ ಇನ್ನಷ್ಟು ಚಲನೆ ಬೇಕಾಗುತ್ತದೆ, ಫೋನಿನ ದಪ್ಪದೊಳಗೆ ಅದಕ್ಕೆ ಜಾಗವಿರುವುದಿಲ್ಲ. ಐಫೋನ್ 13 ಪ್ರೋ ಮುಖ್ಯ ಕ್ಯಾಮೆರಾ ಸುಮಾರು 15 ಸೆಂ.ಮೀ. ಹತ್ತಿರದವರೆಗೆ ಫೋಕಸ್ ಮಾಡುತ್ತಿದ್ದರೆ, ಅದಕ್ಕಿಂತ ದೊಡ್ಡ ಸೆನ್ಸರಿನ 14 ಪ್ರೋದಲ್ಲಿ ಆ ಮಿತಿ ಸುಮಾರು 20 ಸೆಂ.ಮೀ.ಗೆ ಏರಿತು. ಹಳೆಯ ಫೋನಿನಲ್ಲಿ ಸಲೀಸಾಗಿ ಬರುತ್ತಿದ್ದ ಹೂವಿನ ಫೋಟೊ ಹೊಸದರಲ್ಲಿ ಬಾರದಿದ್ದರೆ ಫೋನ್ ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ. ಇಂಥ ಫೋನುಗಳು ತೀರಾ ಹತ್ತಿರ ಹೋದಾಗ ತಾವಾಗಿಯೇ ಅಗಲಕೋನದ ಕ್ಯಾಮೆರಾಕ್ಕೆ ಬದಲಾಗಿ ಮ್ಯಾಕ್ರೋ ಚಿತ್ರ ತೆಗೆಯುತ್ತವೆ. ಪರದೆಯ ಮೇಲೆ ಪುಟ್ಟ ಹೂವಿನ ಗುರುತು ಮೂಡಿ ಚಿತ್ರ ಒಮ್ಮೆ ಜಿಗಿದಂತಾಗುವುದು ಆ ಕ್ಷಣದಲ್ಲೇ. ಕಡಿಮೆ ಬೆಲೆಯ ಫೋನುಗಳ 2 ಮೆಗಾಪಿಕ್ಸೆಲ್ ಮ್ಯಾಕ್ರೋ ಕ್ಯಾಮೆರಾದ ಕಥೆ ಬೇರೆ: ಅದರ ಲೆನ್ಸ್ ಅಲುಗಾಡುವುದೇ ಇಲ್ಲ, ಸುಮಾರು 4 ಸೆಂ.ಮೀ. ಅಂತರಕ್ಕೆ ಕಾರ್ಖಾನೆಯಲ್ಲೇ ಬಿಗಿದಿರುತ್ತಾರೆ, ಅದಕ್ಕಿಂತ ಹತ್ತಿರವಾದರೂ ದೂರವಾದರೂ ಮಸುಕೇ. ನನ್ನ ಅಭಿಪ್ರಾಯದಲ್ಲಿ ಅದು ಕ್ಯಾಮೆರಾಗಳ ಲೆಕ್ಕ ತುಂಬಿಸಲು ಇಟ್ಟದ್ದು. ಮುಖ್ಯ ಕ್ಯಾಮೆರಾದಲ್ಲಿ ಸ್ವಲ್ಪ ದೂರದಿಂದ ತೆಗೆದು ಕತ್ತರಿಸಿಕೊಂಡರೆ ಅದಕ್ಕಿಂತ ಒಳ್ಳೆಯ ಚಿತ್ರ ಸಿಗುತ್ತದೆ. ಅನೇಕ ಫೋನುಗಳ ಸೆಲ್ಫಿ ಕ್ಯಾಮೆರಾವೂ ಹೀಗೆಯೇ ಕೈಯಳತೆಯ ದೂರಕ್ಕೆ ಬಿಗಿದದ್ದು. ಅದರಲ್ಲಿ ಪರದೆಯನ್ನು ಎಷ್ಟು ಮುಟ್ಟಿದರೂ ಬೆಳಕು ಹೆಚ್ಚುಕಡಿಮೆಯಾಗುತ್ತದೆಯೇ ಹೊರತು ಫೋಕಸ್ ಬದಲಾಗುವುದಿಲ್ಲ.

ಪಹಣಿ, ಅಂಕಪಟ್ಟಿ ಮುಂತಾದ ಕಾಗದಗಳನ್ನು ಆನ್‌ಲೈನ್ ಅರ್ಜಿಗೆ ಸೇರಿಸಲು ಫೋಟೊ ತೆಗೆದಾಗ ನಡುವಿನ ಸಾಲುಗಳು ಸ್ಪಷ್ಟವಾಗಿದ್ದು ಮೂಲೆಗಳು ಕರಗಿದಂತೆ ಬರುವುದಕ್ಕೂ ಇದೇ ಅತಿಸಾಮೀಪ್ಯ ಕಾರಣ. ದೊಡ್ಡ ದ್ವಾರದ ಲೆನ್ಸಿಗೆ ಹತ್ತಿರದಲ್ಲಿ ಫೋಕಸಿನ ಆಳ (ಸ್ಪಷ್ಟವಾಗಿ ಕಾಣುವ ದೂರದ ವ್ಯಾಪ್ತಿ) ಕಡಿಮೆ, ಫೋನ್ ಸ್ವಲ್ಪ ಓರೆಯಾದರೂ ಕಾಗದದ ಒಂದು ಅಂಚು ಆ ಆಳದಿಂದ ಹೊರಬೀಳುತ್ತದೆ. ಕಾಗದವನ್ನು ನೆಲದ ಮೇಲೆ ಹಗಲು ಬೆಳಕಿನಲ್ಲಿ ಹರಡಿ, ನಿಂತುಕೊಂಡು, ಫೋನನ್ನು ಅದಕ್ಕೆ ಸಮಾನಾಂತರವಾಗಿ ಹಿಡಿದು, ಜೂಮ್ ಮಾಡಿ ತೆಗೆದರೆ ನಾಲ್ಕೂ ಮೂಲೆ ಬರುತ್ತವೆ.

ಕತ್ತಲೆ ಮತ್ತು ಚಲನೆ

ಮಸುಕಾದ ಫೋಟೊಗಳಲ್ಲಿ ಬಹುಪಾಲು ರಾತ್ರಿಯವೋ ಮನೆಯೊಳಗಿನವೋ ಆಗಿರುವುದು ಆಕಸ್ಮಿಕವಲ್ಲ. ನೇರ ಬಿಸಿಲಿನಲ್ಲಿ ಬೆಳಕಿನ ಪ್ರಮಾಣ ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ರಾತ್ರಿ ದೀಪ ಹಾಕಿದ ನಡುಮನೆಯಲ್ಲಿ 100–200 ಲಕ್ಸ್ ಇದ್ದರೆ ಹೆಚ್ಚು. ನಮ್ಮ ಕಣ್ಣು ಈ ವ್ಯತ್ಯಾಸವನ್ನು ಸದ್ದಿಲ್ಲದೆ ಸರಿದೂಗಿಸಿಕೊಳ್ಳುವುದರಿಂದ ಕೋಣೆ ಸಾಕಷ್ಟು ಬೆಳಗಿದೆ ಎಂದೇ ನಮಗನಿಸುತ್ತದೆ. ಫೋನಿನ ಸೆನ್ಸರ್ ಮಾತ್ರ ಕೊರತೆಯನ್ನು ತುಂಬಲು ಬೆಳಕನ್ನು ಹೆಚ್ಚು ಹೊತ್ತು ಸಂಗ್ರಹಿಸಬೇಕು: ಬಿಸಿಲಿನಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಮುಗಿಯುವ ಕೆಲಸಕ್ಕೆ ಇಲ್ಲಿ 1/15 ಸೆಕೆಂಡ್ ಬೇಕಾಗಬಹುದು. ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ ಕ್ಯಾಮೆರಾದ ಮುಂದೆ ಅಡ್ಡ ಹಾಯುವ ಮಗು ಅಷ್ಟರೊಳಗೆ 10 ಸೆಂ.ಮೀ. ಮುಂದೆ ಹೋಗಿರುತ್ತದೆ, ಆ 10 ಸೆಂ.ಮೀ. ಪೂರ್ತಿಯೂ ಫೋಟೊದಲ್ಲಿ ಬಳಿದುಕೊಳ್ಳುತ್ತದೆ. ಇದನ್ನು ಫೋಕಸಿನ ದೋಷವೆಂದು ತಿಳಿದು ಪರದೆಯನ್ನು ಮತ್ತೆ ಮತ್ತೆ ಮುಟ್ಟುವವರೇ ಹೆಚ್ಚು.

ಕೈಯ ನಡುಕಕ್ಕೆ ಪರಿಹಾರವಾಗಿ ಲೆನ್ಸನ್ನೇ ವಿರುದ್ಧ ದಿಕ್ಕಿಗೆ ತೂಗುವ ಓಐಎಸ್ ವ್ಯವಸ್ಥೆ 2012ರ ನೋಕಿಯಾ ಲೂಮಿಯಾ 920ರೊಂದಿಗೆ ಮೊಬೈಲಿಗೆ ಬಂದಿತು. ಅದು ಫೋನ್ ಹಿಡಿದವರ ಕೈಯನ್ನು ಸರಿಪಡಿಸುತ್ತದೆ, ಎದುರಿಗಿರುವವರ ಕುಣಿತವನ್ನಲ್ಲ. ಜಾಹೀರಾತುಗಳು ಈ ಭೇದವನ್ನು ಹೇಳುವ ಗೋಜಿಗೆ ಹೋಗುವುದಿಲ್ಲ. 2018ರಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಗೆ ತಂದ ನೈಟ್ ಸೈಟ್ ಮತ್ತು ಇತರ ಕಂಪನಿಗಳ ನೈಟ್ ಮೋಡುಗಳು ಒಂದಾದ ಮೇಲೊಂದು ಅನೇಕ ಚಿತ್ರಗಳನ್ನು ತೆಗೆದು ಹೊಂದಿಸಿ ಬೆಸೆಯುತ್ತವೆ. ದೀಪಾಲಂಕಾರದ ಮೈಸೂರು ಅರಮನೆಗೆ ಅದು ಹೇಳಿ ಮಾಡಿಸಿದಂತಿದೆ. ಬಯಲಾಟದ ರಂಗಸ್ಥಳದಲ್ಲಿ ತಿರುಗುತ್ತಿರುವ ವೇಷಕ್ಕೆ ಅದರಿಂದ ಕೆಡುಕೇ ಹೆಚ್ಚು. ಯಕ್ಷಗಾನದ ಫೋಟೊ ತೆಗೆಯುವವರು ನೈಟ್ ಮೋಡನ್ನು ಆಫ್ ಮಾಡಿ, ಎಲ್ಲವನ್ನೂ ನಾವೇ ಹೊಂದಿಸಬಹುದಾದ ಪ್ರೋ ಮೋಡಿನಲ್ಲಿ ಶಟರಿನ ವೇಗವನ್ನು 1/250 ಸೆಕೆಂಡಿಗೆ ಇಟ್ಟು, ಚಿತ್ರ ಸ್ವಲ್ಪ ಮರಳುಮರಳಾದರೂ ಪರವಾಗಿಲ್ಲ ಎಂದು ಒಪ್ಪಿಕೊಂಡು ತೆಗೆಯುವುದು ಮೇಲು. ಮರಳಿನ ನಡುವೆಯೂ ಕಿರೀಟದ ಕುಸುರಿ ಕಾಣುತ್ತದೆ, ಬಳಿದುಹೋದ ಚಿತ್ರದಿಂದ ಏನನ್ನೂ ಮರಳಿ ಪಡೆಯಲಾಗದು. ಪ್ರೋ ಮೋಡ್ ಇಲ್ಲದ ಫೋನಿನಲ್ಲಿ ಕುಣಿತ ನಿಂತು ಪಾತ್ರ ಮಾತಿಗೆ ತೊಡಗುವ ಗಳಿಗೆಗೆ ಕಾಯಬೇಕು, ಇಲ್ಲವೇ ಒಂದೇ ಸಮನೆ ಹತ್ತಾರು ಚಿತ್ರ ತೆಗೆದು ಆರಿಸಿಕೊಳ್ಳಬೇಕು.

ಗುಂಡಿ ಒತ್ತಿದ ಕೂಡಲೇ ಫೋನ್ ಇಳಿಸಿಬಿಡುವ ಅಭ್ಯಾಸವೂ ರಾತ್ರಿಯ ಫೋಟೊಗಳನ್ನು ಕೆಡಿಸುತ್ತದೆ. ಬೆರಳು ಎತ್ತಿದ ಮೇಲೂ ಕ್ಯಾಮೆರಾ ಚಿತ್ರಗಳನ್ನು ಕೂಡಿಸುತ್ತಿರಬಹುದು. ಜಂಬೂ ಸವಾರಿಯಂತಹ ಜನಜಂಗುಳಿಯಲ್ಲಿ ದೂರದಿಂದ 10 ಪಟ್ಟು ಜೂಮ್ ಮಾಡುವವರು ಇನ್ನೊಂದನ್ನು ತಿಳಿದಿರಬೇಕು: ದೂರದ್ದನ್ನು ಹತ್ತಿರ ತರುವ ಟೆಲಿಫೋಟೊ ಲೆನ್ಸ್ ಇಲ್ಲದ ಫೋನಿನಲ್ಲಿ 10 ಪಟ್ಟು ಜೂಮ್ ಎಂದರೆ ಸೆನ್ಸರಿನ ನೂರನೆಯ ಒಂದು ಭಾಗವನ್ನು ಕತ್ತರಿಸಿ ಹಿಗ್ಗಿಸುವುದು, ಉಳಿದದ್ದು ಊಹೆಯ ತೇಪೆ.

ಗಾಜು, ಎಣ್ಣೆ, ಮಂಜು

ಲೆನ್ಸ್ ಒರೆಸುವ ಸಲಹೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಫೋನನ್ನು ಕಿವಿಗೆ ಹಿಡಿದು ಮಾತನಾಡುವಾಗ ತೋರುಬೆರಳು ಸರಿಯಾಗಿ ಕ್ಯಾಮೆರಾದ ಗಾಜಿನ ಮೇಲೆಯೇ ಕೂರುತ್ತದೆ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಅದರ ಮೂಲಕ ಅಲ್ಲಿಗೆ ತಲುಪುತ್ತದೆ. ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಿಂದ, ಬಾಯಿಯ ಆವಿ ಊದಿ, ಒರೆಸಿದರೆ ಸಾಕು. ಗೀರು ಹೋಗಲಾಡಿಸಲು ಟೂತ್‌ಪೇಸ್ಟ್ ಉಜ್ಜಬೇಕೆಂಬ ಉಪಾಯ ಬಹಳ ಜನಪ್ರಿಯವಾಗಿದೆ. ಅದು ಗೀರಿನ ಜೊತೆಗೆ ಗಾಜಿನ ಮೇಲಿನ ಪ್ರತಿಫಲನ ತಡೆಯುವ ಲೇಪವನ್ನೂ ಉಜ್ಜಿ ತೆಗೆಯುತ್ತದೆ. ಕ್ಯಾಮೆರಾಕ್ಕೆಂದು ಪ್ರತ್ಯೇಕವಾಗಿ ಅಂಟಿಸುವ ಅಗ್ಗದ ಟೆಂಪರ್ಡ್ ಗ್ಲಾಸ್ ಕೂಡ ರಾತ್ರಿ ದೀಪಗಳ ಸುತ್ತ ಪ್ರಭೆ ಎಬ್ಬಿಸುವುದರಿಂದ, ಮಸುಕಿನ ಕಾರಣ ಹುಡುಕುವಾಗ ಮೊದಲು ಅದನ್ನು ಕಿತ್ತು ನೋಡಬೇಕು.

ಎ.ಸಿ. ಕಾರಿನಿಂದ ಇಳಿದು ಮಂಗಳೂರಿನ ಸೆಕೆಯಲ್ಲಿ ತೆಗೆದ ಮೊದಲ ಫೋಟೊಗಳು ಮಬ್ಬಾಗಿದ್ದರೆ ಅದು ತಣ್ಣನೆಯ ಗಾಜಿನ ಮೇಲೆ ಕೂತ ತೇವ, ಕೆಲವು ನಿಮಿಷಗಳಲ್ಲಿ ತಾನೇ ಆರುತ್ತದೆ. ಒರೆಸಿದರೂ ಹೋಗದೆ ಗಾಜಿನ ಒಳಮೈಯಲ್ಲಿ ಮಂಜು ಕಾಣುತ್ತಿದ್ದರೆ ಮಾತ್ರ ಚಿಂತಿಸಬೇಕು. ನೀರಿನ ತಡೆ ಎಲ್ಲೋ ಬಿಟ್ಟುಕೊಂಡಿದೆ. ಅಂಥ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುವುದು ನಮ್ಮಲ್ಲಿ ರೂಢಿಯಾದರೂ, ಅಕ್ಕಿಯ ನುಣ್ಣನೆಯ ಪುಡಿ ಒಳಸೇರಿ ಹಾನಿ ಮಾಡಬಹುದೆಂದು ಆ್ಯಪಲ್ ಕಂಪನಿಯೇ ಎಚ್ಚರಿಸಿದೆ. ಗಾಳಿಯಾಡುವ ಜಾಗದಲ್ಲಿ ಇಡುವುದೇ ಸರಿ.

ಒಳಗಿನ ಭಾಗವೇ ಕೆಟ್ಟಾಗ

ನಿಜವಾದ ಯಂತ್ರದೋಷವನ್ನು ಗುರುತಿಸುವುದು ಕಷ್ಟವಲ್ಲ. ಕ್ಯಾಮೆರಾ ತೆರೆದ ಕೂಡಲೇ ಪರದೆಯ ಮೇಲಿನ ದೃಶ್ಯ ತಾನಾಗಿಯೇ ಅದುರುತ್ತಿದ್ದು, ಕಿವಿಗೆ ಹತ್ತಿರ ಹಿಡಿದರೆ ದುಂಬಿಯ ಗುಂಯ್‌ಗುಡುವಂಥ ಸದ್ದು ಕೇಳುತ್ತಿದ್ದರೆ ಓಐಎಸ್ ಹಾಳಾಗಿದೆ. ಕ್ಯಾಮೆರಾ ಬಳಸದಿರುವಾಗ ಫೋನ್ ಅಲ್ಲಾಡಿಸಿದರೆ ಕೇಳುವ ಕಟಕಟ ಸದ್ದಿಗೆ ಹೆದರಬೇಕಿಲ್ಲ, ಅದು ತೂಗುವ ಲೆನ್ಸಿನ ಸಹಜ ಸದ್ದು. ಫೋನನ್ನು ಅಂಗೈಗೆ ಮೆಲ್ಲಗೆ ತಟ್ಟಿದಾಗ ಫೋಕಸ್ ಮರಳಿ ಬಂದು ಮತ್ತೆ ಹೋಗುತ್ತಿದ್ದರೆ ಲೆನ್ಸಿನ ಕೊಳವೆ ಸಿಕ್ಕಿಕೊಳ್ಳುತ್ತಿದೆ. ತಟ್ಟುವುದು ರೋಗ ತಿಳಿಯುವ ಉಪಾಯವೇ ಹೊರತು ಚಿಕಿತ್ಸೆಯಲ್ಲ.

ಈ ಭಾಗಗಳಿಗೆ ಅಪಾಯ ಬರುವುದು ಬೀಳುವುದರಿಂದ ಮಾತ್ರವಲ್ಲ. 2021ರಲ್ಲಿ ಆ್ಯಪಲ್ ಪ್ರಕಟಿಸಿದ ಸೂಚನೆಯೊಂದು, ಬೈಕಿನ ಹ್ಯಾಂಡಲಿಗೆ ಬಿಗಿದ ಫೋನಿಗೆ ಶಕ್ತಿಯುತ ಇಂಜಿನ್‌ನ ಕಂಪನ ನಿರಂತರವಾಗಿ ತಾಗುತ್ತಿದ್ದರೆ ಓಐಎಸ್ ಮತ್ತು ಫೋಕಸ್ ವ್ಯವಸ್ಥೆಗಳು ಶಿಥಿಲವಾಗಬಹುದು ಎಂದು ತಿಳಿಸಿತು. ದಿನವಿಡೀ ಮ್ಯಾಪ್ ನೋಡಿಕೊಂಡು ಓಡಾಡುವ ಬೆಂಗಳೂರಿನ ಡೆಲಿವರಿ ಸವಾರರಿಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಕಂಪನ ತಡೆಯುವ ರಬ್ಬರ್ ಮೆತ್ತೆಯುಳ್ಳ ಹೋಲ್ಡರ್ ಬಳಸಿದರೆ ಹಾನಿ ತಗ್ಗುತ್ತದೆ. ಲೆನ್ಸನ್ನು ಸರಿಸುವುದೂ ಅದರ ಸ್ಥಾನವನ್ನು ಅಳೆಯುವುದೂ ಅಯಸ್ಕಾಂತದ ಆಧಾರದಲ್ಲೇ ಆದ್ದರಿಂದ, ಕ್ಯಾಮೆರಾದ ಸಮೀಪ ಅಯಸ್ಕಾಂತವುಳ್ಳ ಕವರ್, ಉಂಗುರ, ಕಾರಿನ ಸ್ಟ್ಯಾಂಡುಗಳು ಕೂಡ ಫೋಕಸನ್ನು ದಾರಿ ತಪ್ಪಿಸಬಲ್ಲವು. ಅವುಗಳನ್ನು ತೆಗೆದ ತಕ್ಷಣ ತೊಂದರೆ ಹೋದರೆ ಖರ್ಚಿಲ್ಲದೆ ಮುಗಿಯಿತು.

ಬಳಸುವವರ ತಪ್ಪೇ ಇಲ್ಲದ ಪ್ರಕರಣಗಳೂ ಉಂಟು. 2014ರ ಸೆಪ್ಟೆಂಬರಿನಿಂದ 2015ರ ಜನವರಿಯವರೆಗೆ ಮಾರಾಟವಾದ ಐಫೋನ್ 6 ಪ್ಲಸ್‌ಗಳಲ್ಲಿ ಕೆಲವಕ್ಕೆ ಹಿಂದಿನ ಕ್ಯಾಮೆರಾದ ಭಾಗವೊಂದು ಕೈಕೊಟ್ಟು ಫೋಟೊಗಳು ಮಸುಕಾಗುತ್ತಿದ್ದುವು. 2015ರ ಆಗಸ್ಟಿನಲ್ಲಿ ಆ್ಯಪಲ್ ಅವುಗಳ ಕ್ಯಾಮೆರಾವನ್ನು ಉಚಿತವಾಗಿ ಬದಲಿಸುವ ಯೋಜನೆ ಪ್ರಕಟಿಸಿತು. 2022ರ ಸೆಪ್ಟೆಂಬರಿನಲ್ಲಿ ಐಫೋನ್ 14 ಪ್ರೋ ಬಂದಾಗ ನಡೆದದ್ದು ಇನ್ನೂ ಕುತೂಹಲಕರ: ಕಂಪನಿಯ ಸ್ವಂತ ಕ್ಯಾಮೆರಾ ಆ್ಯಪಿನಲ್ಲಿ ಎಲ್ಲವೂ ಸರಿಯಿದ್ದು, ಹೊರಗಿನ ಕೆಲವು ಆ್ಯಪುಗಳಲ್ಲಿ ಕ್ಯಾಮೆರಾ ತೆರೆದರೆ ಲೆನ್ಸ್ ಭೌತಿಕವಾಗಿಯೇ ಗಡಗಡ ನಡುಗುತ್ತಿತ್ತು. ಐಓಎಸ್ 16.0.2 ಅಪ್‌ಡೇಟ್ ಅದನ್ನು ಸರಿಪಡಿಸಿತು. ಅಂದರೆ ಸದ್ದು ಕೇಳಿಸಿತೆಂದ ಮಾತ್ರಕ್ಕೆ ಭಾಗ ಕೆಟ್ಟಿದೆ ಎಂದು ತೀರ್ಮಾನಿಸಲಾಗದು. ಬೇರೆ ಆ್ಯಪಿನಲ್ಲಿಯೂ ಪರೀಕ್ಷಿಸಿ ನೋಡಬೇಕು.

ಆ ಪರೀಕ್ಷೆಗೆ ಬೇಕಾದದ್ದು ಹಗಲು ಬೆಳಕು ಮತ್ತು ಒಂದು ದಿನಪತ್ರಿಕೆ. ಪತ್ರಿಕೆಯನ್ನು ಗೋಡೆಗೆ ಅಂಟಿಸಿ, ಕವರ್ ತೆಗೆದ ಫೋನನ್ನು 1 ಮೀಟರ್ ದೂರದಲ್ಲಿ ಪುಸ್ತಕಗಳ ನಡುವೆ ಅಲುಗದಂತೆ ನಿಲ್ಲಿಸಿ, 3 ಸೆಕೆಂಡಿನ ಟೈಮರ್ ಹಾಕಿ, ಹಿಂದಿನ ಪ್ರತಿಯೊಂದು ಕ್ಯಾಮೆರಾದಿಂದಲೂ ತೆಗೆಯಬೇಕು. ಆಮೇಲೆ ಮನೆಯ ಹೊರಗೆ ಬಂದು ದೂರದ ಮರ ಅಥವಾ ಕಟ್ಟಡವನ್ನು ತೆಗೆಯಬೇಕು. ಹತ್ತಿರದ್ದು ಬಂದು ದೂರದ್ದು ಎಂದಿಗೂ ಸ್ಪಷ್ಟವಾಗದಿದ್ದರೆ, ಅಥವಾ ಇದಕ್ಕೆ ವಿರುದ್ಧವಾದರೆ, ಲೆನ್ಸ್ ಒಂದೆಡೆ ಅಂಟಿಕೊಂಡಿದೆ. ಚಿತ್ರದ ಒಂದೇ ಪಾರ್ಶ್ವ ಪ್ರತಿ ಸಲವೂ ಮಸುಕಾಗುತ್ತಿದ್ದರೆ ಲೆನ್ಸ್ ವಾಲಿದೆ. ಎಲ್ಲವೂ ಸ್ಪಷ್ಟವಾಗಿ ಬಂದರೆ ಕ್ಯಾಮೆರಾ ಆರೋಗ್ಯವಾಗಿದೆ, ತೊಂದರೆ ಬೆಳಕಿನದೋ ದೂರದ್ದೋ ಕೈಯದೋ ಆಗಿರಬೇಕು.

ಸೆಟಿಂಗ್ ಮತ್ತು ಸಾಫ್ಟ್‌ವೇರ್

ಸಾಫ್ಟ್‌ವೇರಿನಲ್ಲಿ ನೋಡಬೇಕಾದವು ಕೆಲವೇ. ಪ್ರೋ ಮೋಡಿನಲ್ಲಿ ಯಾವಾಗಲೋ ಆಟವಾಡುತ್ತಾ ಫೋಕಸನ್ನು ಮ್ಯಾನ್ಯುಯಲ್‌ಗೆ ತಿರುಗಿಸಿ ಮರೆತಿದ್ದರೆ ಆ ಮೋಡಿನಲ್ಲಿ ಲೆನ್ಸ್ ನಿಂತಲ್ಲೇ ನಿಂತಿರುತ್ತದೆ. ಪರದೆಯನ್ನು ಒತ್ತಿ ಹಿಡಿದಾಗ ಫೋಕಸಿಗೆ ಬೀಗ ಬೀಳುವ ಸೌಲಭ್ಯ ಬಹುತೇಕ ಫೋನುಗಳಲ್ಲಿದೆ. ತಿಳಿಯದೆ ಹಾಕಿಕೊಂಡ ಆ ಬೀಗ ಇನ್ನೊಮ್ಮೆ ಮುಟ್ಟಿದರೆ ಬಿಡುತ್ತದೆ. ಬ್ಯೂಟಿ ಮೋಡ್ ಚರ್ಮದ ಜೊತೆಗೆ ಹುಬ್ಬು, ಮೀಸೆಗಳನ್ನೂ ನುಣುಪು ಮಾಡುತ್ತದೆ, ಪೋರ್ಟ್ರೇಟ್ ಮೋಡ್ ಕನ್ನಡಕದ ಕಡ್ಡಿಯನ್ನು ಹಿನ್ನೆಲೆಯೆಂದು ತಿಳಿದು ಅಳಿಸುತ್ತದೆ. ಸ್ಟೋರೇಜ್ ಭರ್ತಿಯಾಗಿದ್ದರೆ ಅಥವಾ ಫೋನ್ ಕಾದಿದ್ದರೆ ಕ್ಯಾಮೆರಾ ತೆರೆಯುವುದೂ ಫೋಟೊ ಉಳಿಸುವುದೂ ತಡವಾಗುತ್ತದೆ, ಜನ ಅದನ್ನೂ ನಿಧಾನ ಫೋಕಸ್ ಎಂದೇ ಹೇಳುತ್ತಾರೆ. ಅಪ್‌ಡೇಟ್ ಆದ ಮರುದಿನದಿಂದಲೇ ತೊಂದರೆ ಶುರುವಾಗಿದ್ದರೆ ಕ್ಯಾಮೆರಾ ಸೆಟಿಂಗುಗಳನ್ನು ಮೊದಲಿನ ಸ್ಥಿತಿಗೆ ತರುವುದು, ಆಂಡ್ರಾಯ್ಡಿನಲ್ಲಿ ಸೇಫ್ ಮೋಡಿನಲ್ಲಿ (ನಾವು ಹಾಕಿಕೊಂಡ ಆ್ಯಪುಗಳೆಲ್ಲ ನಿಷ್ಕ್ರಿಯವಾಗಿರುವ ಸ್ಥಿತಿಯಲ್ಲಿ) ಪರೀಕ್ಷಿಸುವುದು ಸಮಂಜಸ. ಇಡೀ ಫೋನನ್ನು ಅಳಿಸುವುದಕ್ಕೆ ಕಾರಣ ನನಗೆ ಕಾಣುವುದಿಲ್ಲ.

ಕಳುಹಿಸಿದ ಫೋಟೊ ಕೆಡುವ ವಿಷಯಕ್ಕೆ ಬಂದರೆ, ವಾಟ್ಸ್ಆ್ಯಪ್ ಚಿತ್ರಗಳನ್ನು ಕುಗ್ಗಿಸಿ ಕಳುಹಿಸುತ್ತದೆ. 2023ರ ಆಗಸ್ಟಿನಲ್ಲಿ ಬಂದ ಎಚ್‌ಡಿ ಆಯ್ಕೆ ಈ ನಷ್ಟವನ್ನು ತಗ್ಗಿಸುತ್ತದೆ. ಮೂಲ ಚಿತ್ರವೇ ತಲುಪಬೇಕೆಂದರೆ ಡಾಕ್ಯುಮೆಂಟ್ ಆಗಿ ಕಳುಹಿಸಬೇಕು. ಮದುವೆಯ ಆಲ್ಬಂಗೆ ಬಂಧುಗಳಿಂದ ಫೋಟೊ ತರಿಸಿಕೊಳ್ಳುವವರು ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ದಿನಪತ್ರಿಕೆಯ ಪರೀಕ್ಷೆಯಲ್ಲಿ ಸೋತ ಫೋನಿಗೆ ರಿಪೇರಿಯೇ ದಾರಿ. ಹೊರಗಿನ ಗಾಜು ಮಾತ್ರ ಒಡೆದಿದ್ದರೆ ಅದನ್ನಷ್ಟೇ ಬದಲಿಸಬಹುದು, ಅದಕ್ಕೆ ತಗಲುವ ಹಣ ಬಹಳ ಕಡಿಮೆ. ಆದರೆ ಒಡೆದ ಗಾಜನ್ನು ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಧೂಳು ಒಳಸೇರಿ ಕ್ಯಾಮೆರಾ ಮಾಡ್ಯೂಲನ್ನೂ (ಲೆನ್ಸ್, ಸೆನ್ಸರ್ ಸೇರಿದ ಇಡೀ ಭಾಗವನ್ನು) ಬದಲಿಸಬೇಕಾದೀತು. ಮಾಡ್ಯೂಲ್ ಬದಲಿಸುವುದಾದರೆ ಅದು ಕಂಪನಿಯದೇ, ಬೇರೆ ಫೋನಿನಿಂದ ಕಿತ್ತದ್ದೇ, ನಕಲಿಯೇ ಎಂದು ಅಂಗಡಿಯವರನ್ನು ಮೊದಲೇ ಕೇಳಬೇಕು. ಐಫೋನ್ 12 ಮತ್ತು ಅದರ ನಂತರದ ಫೋನುಗಳಲ್ಲಿ ಅಸಲಿಯಲ್ಲದ ಕ್ಯಾಮೆರಾ ಹಾಕಿದರೆ ಸೆಟಿಂಗ್ಸ್‌ನಲ್ಲಿಯೇ ಸೂಚನೆ ಕಾಣಿಸುತ್ತದೆ. ಹಣ ಕೊಡುವ ಮುನ್ನ ಅಂಗಡಿಯ ಕೌಂಟರಿನ ಮೇಲಿನ ರಸೀದಿಯನ್ನೊಮ್ಮೆ, ರಸ್ತೆಯಾಚೆಯ ಬೋರ್ಡನ್ನೊಮ್ಮೆ ತೆಗೆದು ಹಿಗ್ಗಿಸಿ ನೋಡಿ, ನಾಲ್ಕು ಹೆಜ್ಜೆ ನಡೆಯುತ್ತಾ ವಿಡಿಯೊ ಮಾಡಿ, ಗಾಜಿನ ಒಳಗೆ ಧೂಳೋ ಬೆರಳಚ್ಚೋ ಉಳಿದಿದೆಯೇ ಎಂದು ಟಾರ್ಚ್ ಹಿಡಿದು ಪರೀಕ್ಷಿಸಿಕೊಳ್ಳಬೇಕು.